ಮನೆಯವರೆಲ್ಲರ ಆದಾಯ ತೆರಿಗೆ: ಪ್ರತಿ ಜುಲೈನಲ್ಲಿ ಏಳುವ ಪ್ರಶ್ನೆಗಳು

ಜೂನ್ ಕಳೆದು ಜುಲೈ ಬಂತೆಂದರೆ ನೆಂಟರು, ಸ್ನೇಹಿತರಿಂದ ನನಗೆ ಒಂದೇ ಥರದ ಫೋನ್‌ಗಳು ಬರುತ್ತವೆ. "ಹನ್ನೆರಡು ಲಕ್ಷದ ತನಕ ತೆರಿಗೆ ಇಲ್ವಲ್ಲ, ಮತ್ತೆ ರಿಟರ್ನ್ ಯಾಕೆ?" "ಅಮ್ಮನ ಎಫ್‌ಡಿ ಬಡ್ಡಿಯಲ್ಲಿ ಬ್ಯಾಂಕ್‌ನವರು ಹಣ ಹಿಡಿದಿದ್ದಾರೆ, ವಾಪಸ್ ಬರುತ್ತಾ?" "ಹೆಂಡತಿ ಹೆಸರಿಗೆ ಹಾಕಿದರೆ ತೆರಿಗೆ ಉಳಿಯುತ್ತೆ, ಅಲ್ವಾ?"

ಈ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ಕಡೆಯಿಂದ ಹುಟ್ಟುತ್ತವೆ. ನಮ್ಮ ಮನೆಗಳಲ್ಲಿ ಹಣ ಒಂದೇ ಗಂಟು. ಮಗನ ಸಂಬಳ, ಅಪ್ಪನ ಪಿಂಚಣಿ, ಸೊಸೆಯ ಟ್ಯೂಷನ್ ದುಡ್ಡು, ಜಮೀನಿನಿಂದ ಬಂದದ್ದು, ಎಲ್ಲ ಸೇರಿ ಸಂಸಾರ ನಡೆಯುತ್ತದೆ. ತೆರಿಗೆ ಕಾನೂನು ಮಾತ್ರ ಮನೆಯನ್ನು ನೋಡುವುದಿಲ್ಲ, ಒಂದೊಂದು ಪ್ಯಾನ್ ನಂಬರನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಹಾಗಾಗಿ ಎಷ್ಟು ತೆರಿಗೆ ಎಂದು ಕೇಳುವ ಮೊದಲು ಈ ಹಣ ಯಾರದು ಎಂದು ಕೇಳಬೇಕು.

ಇಲ್ಲಿ ಕೊಟ್ಟಿರುವ ಅಂಕಿಗಳು 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನ ಆದಾಯಕ್ಕೆ, ಭಾರತದಲ್ಲೇ ವಾಸವಿರುವವರಿಗೆ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗಿದೆ. ಆದರೆ ಮೇಲೆ ಹೇಳಿದ ವರ್ಷದ ಆದಾಯದ ಲೆಕ್ಕ 1961ರ ಹಳೆಯ ಕಾಯ್ದೆಯ ಪ್ರಕಾರವೇ ನಡೆಯುತ್ತದೆ. ಅದಕ್ಕೇ 80ಸಿ, 87ಎ ಎಂಬ ಪರಿಚಿತ ಸೆಕ್ಷನ್ ನಂಬರ್‌ಗಳನ್ನೇ ಬಳಸಿದ್ದೇನೆ.

ಮೊದಲ ಹೆಜ್ಜೆ: ಕಾಗದ ಜೋಡಿಸುವುದು

ಲೆಕ್ಕಕ್ಕೆ ಕೂರುವ ಮುಂಚೆ ಮನೆಯಲ್ಲಿ ಪ್ಯಾನ್ ಇರುವ ಪ್ರತಿಯೊಬ್ಬರ ಹೆಸರಲ್ಲೂ ಒಂದು ಹಾಳೆ ಮಾಡಿ. ಅವರ ಎಲ್ಲ ಬ್ಯಾಂಕ್ ಖಾತೆ, ಎಫ್‌ಡಿ, ಅಂಚೆ ಕಚೇರಿ ಠೇವಣಿ, ಷೇರು, ಮ್ಯೂಚುವಲ್ ಫಂಡ್, ಬಾಡಿಗೆ, ಎಲ್ಲ ಬರೆಯಿರಿ. ಸಂಬಳದವರು ಕೆಲಸ ಕೊಟ್ಟವರಿಂದ ಫಾರ್ಮ್ 16, ಅಂದರೆ ಸಂಬಳ ಮತ್ತು ಅದರಲ್ಲಿ ಹಿಡಿದ ತೆರಿಗೆಯ ಪ್ರಮಾಣಪತ್ರ, ಪಡೆಯಬೇಕು. ಜೂನ್ 15ರೊಳಗೆ ಅದನ್ನು ಕೊಡುವುದು ಅವರ ಕರ್ತವ್ಯ. ವರ್ಷದ ನಡುವೆ ಕೆಲಸ ಬದಲಾಯಿಸಿದ್ದರೆ ಎರಡೂ ಕಡೆಯ ಫಾರ್ಮ್ 16 ಬೇಕು. ಇಬ್ಬರೂ ಬೇರೆ ಬೇರೆಯಾಗಿ ವಿನಾಯಿತಿ ಕೊಟ್ಟು ತೆರಿಗೆ ಕಡಿಮೆ ಹಿಡಿದಿರುತ್ತಾರೆ. ಒಟ್ಟು ಮಾಡಿದಾಗ ಕೈಯಿಂದ ಕಟ್ಟಬೇಕಾಗಿ ಬಂದು ತುಂಬಾ ಜನ ಗಾಬರಿಯಾಗುವುದು ಇದೇ ಕಾರಣಕ್ಕೆ.

ಆಮೇಲೆ ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ಗೆ ಲಾಗಿನ್ ಆಗಿ ಎರಡು ದಾಖಲೆ ಇಳಿಸಿಕೊಳ್ಳಿ. ಒಂದು 26ಎಎಸ್. ನಿಮ್ಮ ಹೆಸರಲ್ಲಿ ಯಾರು ಎಷ್ಟು ಟಿಡಿಎಸ್ (ಹಣ ಕೊಡುವವರೇ ಮುಂಚೆಯೇ ಹಿಡಿಯುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಿದ್ದಾರೆ ಎಂಬುದು ಅದರಲ್ಲಿರುತ್ತದೆ. ಇನ್ನೊಂದು ಎಐಎಸ್, ಅಂದರೆ ವಾರ್ಷಿಕ ಮಾಹಿತಿ ಪಟ್ಟಿ. ಉಳಿತಾಯ ಖಾತೆಯ ಬಡ್ಡಿ, ಎಫ್‌ಡಿ ಬಡ್ಡಿ, ಡಿವಿಡೆಂಡ್, ಷೇರು ಮಾರಾಟ, ಆಸ್ತಿ ವ್ಯವಹಾರ ಎಲ್ಲ ಅಲ್ಲಿ ಬಂದು ಕೂತಿರುತ್ತವೆ.

ನನ್ನ ಅಮ್ಮನ ಎಐಎಸ್ ಮೊದಲ ಸಲ ತೆಗೆದಾಗ ಅವರಿಗೇ ಮರೆತುಹೋಗಿದ್ದ ಒಂದು ಎಫ್‌ಡಿ ಸಿಕ್ಕಿತು. ಅವಧಿ ಮುಗಿದಾಗೆಲ್ಲ ತಾನಾಗಿ ನವೀಕರಣ ಆಗುತ್ತಿತ್ತು, ಬಡ್ಡಿ ಅಸಲಿಗೇ ಸೇರುತ್ತಿತ್ತು. ಪಾಸ್‌ಬುಕ್‌ನಲ್ಲಿ ಒಂದು ಸಾಲೂ ಇರಲಿಲ್ಲ. "ಕೈಗೆ ಬಾರದ ದುಡ್ಡಿಗೆ ತೆರಿಗೆ ಹೇಗೆ?" ಎಂದು ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಆದರೆ ಬಡ್ಡಿ ಕೈಗೆ ಬರದಿದ್ದರೂ ಅವರ ಹೆಸರಿನಲ್ಲಿ ಜಮೆಯಾಗಿದೆ. ಬ್ಯಾಂಕು ಅದನ್ನು ಇಲಾಖೆಗೆ ತಿಳಿಸಿಯೂ ಆಗಿದೆ. ನಾವು ಬಿಟ್ಟರೆ ಲೆಕ್ಕ ತಾಳೆಯಾಗುವುದಿಲ್ಲ.

ಎಐಎಸ್‌ನಲ್ಲೂ ತಪ್ಪು ಇರಬಹುದು. ಜಂಟಿ ಖಾತೆಯ ವಿವರ ಇಬ್ಬರ ಹೆಸರಲ್ಲೂ ಬಂದಿರಬಹುದು, ನಿಮ್ಮದಲ್ಲದ ವ್ಯವಹಾರ ಸೇರಿರಬಹುದು. ಆ ಸಾಲಿನ ಪಕ್ಕದಲ್ಲೇ ಪ್ರತಿಕ್ರಿಯೆ ಕೊಡುವ ಅವಕಾಶ ಇದೆ. ಸುಮ್ನೆ ಬಿಡಬೇಡಿ, ದಾಖಲಿಸಿ.

ಪ್ಯಾನ್ ಮತ್ತು ಆಧಾರ್ ಜೋಡಣೆ ಆಗಿದೆಯೇ ಎಂಬುದನ್ನೂ ಇದೇ ಹೊತ್ತಿನಲ್ಲಿ ನೋಡಿಬಿಡಿ. ಜೋಡಣೆ ಆಗದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ ಟಿಡಿಎಸ್ ಜಾಸ್ತಿ ಹಿಡಿಯುತ್ತಾರೆ, ರಿಫಂಡ್ ಕೂಡ ಬರುವುದಿಲ್ಲ.

ಎರಡನೇ ಹೆಜ್ಜೆ: ರಿಟರ್ನ್ ಸಲ್ಲಿಸಲೇಬೇಕಾ?

ತೆರಿಗೆ ಇಲ್ಲ ಎನ್ನುವುದು ಒಂದು ಮಾತು, ರಿಟರ್ನ್ ಬೇಡ ಎನ್ನುವುದು ಬೇರೆಯೇ ಮಾತು. ತೆರಿಗೆ ಲೆಕ್ಕ ಹಾಕಲು ಹಳೆಯದು, ಹೊಸದು ಎಂದು ಎರಡು ಪದ್ಧತಿಗಳಿವೆ. ಹೊಸ ಪದ್ಧತಿಯಲ್ಲಿ ಮೂಲ ವಿನಾಯಿತಿ ಮಿತಿ 4 ಲಕ್ಷ ರೂಪಾಯಿ. ಒಟ್ಟು ಆದಾಯ ಅದನ್ನು ದಾಟಿದರೆ ರಿಟರ್ನ್ ಕಡ್ಡಾಯ. 12 ಲಕ್ಷದ ತನಕ ತೆರಿಗೆ ಸೊನ್ನೆಯಾಗುವುದು 87ಎ ಎಂಬ ರಿಯಾಯಿತಿಯಿಂದ. ಮೊದಲು ತೆರಿಗೆ ಲೆಕ್ಕ ಹಾಕಿ, ಆಮೇಲೆ 60,000 ರೂಪಾಯಿವರೆಗೆ ಮನ್ನಾ ಮಾಡುತ್ತಾರೆ. ಆ ಲೆಕ್ಕ ತೋರಿಸುವುದೇ ರಿಟರ್ನ್. ಹಾಗಾಗಿ ವರ್ಷಕ್ಕೆ 7 ಲಕ್ಷ ದುಡಿಯುವವರು ಒಂದು ರೂಪಾಯಿ ಕಟ್ಟಬೇಕಿಲ್ಲ, ರಿಟರ್ನ್ ಮಾತ್ರ ಸಲ್ಲಿಸಬೇಕು.

4 ಲಕ್ಷಕ್ಕಿಂತ ಕಡಿಮೆ ಇದ್ದರೂ ಕೆಲವು ಸಂದರ್ಭಗಳಲ್ಲಿ ಕಡ್ಡಾಯವಾಗುತ್ತದೆ. ವರ್ಷದ ವಿದ್ಯುತ್ ಬಿಲ್ 1 ಲಕ್ಷ ದಾಟಿದ್ದರೆ, ವಿದೇಶ ಪ್ರಯಾಣಕ್ಕೆ 2 ಲಕ್ಷಕ್ಕಿಂತ ಹೆಚ್ಚು ಖರ್ಚು ಮಾಡಿದ್ದರೆ, ಉಳಿತಾಯ ಖಾತೆಗಳಿಗೆ ಒಟ್ಟು 50 ಲಕ್ಷ ಅಥವಾ ಹೆಚ್ಚು ಜಮೆ ಆಗಿದ್ದರೆ, ಟಿಡಿಎಸ್ ಮತ್ತು ಟಿಸಿಎಸ್ (ಮಾರುವವರು ನಮ್ಮಿಂದ ವಸೂಲಿ ಮಾಡುವ ತೆರಿಗೆ) ಸೇರಿ 25,000 ಮುಟ್ಟಿದ್ದರೆ ಸಲ್ಲಿಸಬೇಕು. ಹಿರಿಯ ನಾಗರಿಕರಿಗೆ ಈ ಕೊನೆಯ ಮಿತಿ 50,000. ಮಗಳನ್ನು ನೋಡಲು ಅಪ್ಪ ಅಮ್ಮ ಸ್ವಂತ ಖರ್ಚಿನಲ್ಲಿ ವಿದೇಶಕ್ಕೆ ಹೋಗಿಬಂದ ವರ್ಷ ಇದು ನೆನಪಿರಲಿ.

75 ವರ್ಷ ದಾಟಿದವರಿಗೆ ಒಂದು ಅನುಕೂಲ ಇದೆ. ಪಿಂಚಣಿ ಮತ್ತು ಬಡ್ಡಿ ಬಿಟ್ಟು ಬೇರೆ ಆದಾಯ ಇರಬಾರದು, ಪಿಂಚಣಿ ಬರುವ ಬ್ಯಾಂಕಿನಲ್ಲೇ ಆ ಬಡ್ಡಿಯೂ ಬರಬೇಕು. ಹಾಗಿದ್ದರೆ ಸರ್ಕಾರ ಗುರುತಿಸಿದ ಬ್ಯಾಂಕುಗಳಲ್ಲಿ ಘೋಷಣೆ ಬರೆದುಕೊಟ್ಟರೆ ಬ್ಯಾಂಕೇ ತೆರಿಗೆ ಲೆಕ್ಕ ಹಾಕಿ ಹಿಡಿದುಕೊಳ್ಳುತ್ತದೆ. ಅವರು ರಿಟರ್ನ್ ಸಲ್ಲಿಸಬೇಕಿಲ್ಲ.

ಮೂರನೇ ಹೆಜ್ಜೆ: ಹಳೆಯದೋ ಹೊಸದೋ

ನಾವಾಗಿ ಏನೂ ಆರಿಸದಿದ್ದರೆ ಹೊಸ ಪದ್ಧತಿಯೇ ಅನ್ವಯಿಸುತ್ತದೆ. ಅದರಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ. 4ರಿಂದ 8 ಲಕ್ಷದ ಭಾಗಕ್ಕೆ ಶೇ. 5, 8ರಿಂದ 12ಕ್ಕೆ ಶೇ. 10, 12ರಿಂದ 16ಕ್ಕೆ ಶೇ. 15, 16ರಿಂದ 20ಕ್ಕೆ ಶೇ. 20, 20ರಿಂದ 24ಕ್ಕೆ ಶೇ. 25, ಅದರ ಮೇಲೆ ಶೇ. 30. ಕೊನೆಗೆ ತೆರಿಗೆಯ ಮೇಲೆ ಶೇ. 4 ಸೆಸ್. ಸಂಬಳ ಅಥವಾ ಪಿಂಚಣಿ ಪಡೆಯುವವರಿಗೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಯಾವ ಲೆಕ್ಕವನ್ನೂ ಕೇಳದೆ ನೇರವಾಗಿ ಕಳೆಯುವ ಮೊತ್ತ, ಸಿಗುತ್ತದೆ. ಅದಕ್ಕೇ ಅವರಿಗೆ 12.75 ಲಕ್ಷದ ತನಕ ತೆರಿಗೆ ಇಲ್ಲ ಎನ್ನುವುದು.

ಹಳೆಯ ಪದ್ಧತಿಯಲ್ಲಿ 60ರೊಳಗಿನವರಿಗೆ 2.5 ಲಕ್ಷದವರೆಗೆ ಇಲ್ಲ, 5 ಲಕ್ಷದವರೆಗೆ ಶೇ. 5, 10 ಲಕ್ಷದವರೆಗೆ ಶೇ. 20, ಮೇಲೆ ಶೇ. 30. ದರ ಜಾಸ್ತಿ, ಆದರೆ ಕಳೆಯಲು ದಾರಿಗಳಿವೆ. ಪಿಎಫ್, ಜೀವ ವಿಮೆಯಂಥ ಉಳಿತಾಯಕ್ಕೆ 80ಸಿಯಲ್ಲಿ 1.5 ಲಕ್ಷ, ಆರೋಗ್ಯ ವಿಮೆ, ಮನೆ ಸಾಲದ ಬಡ್ಡಿ 2 ಲಕ್ಷ, ಬಾಡಿಗೆ ಮನೆಯವರಿಗೆ ಮನೆ ಬಾಡಿಗೆ ಭತ್ಯೆ, ಅಂದರೆ ಎಚ್‌ಆರ್‌ಎ.

ಒಂದು ಲೆಕ್ಕ ಬಿಡಿಸಿ ನೋಡೋಣ. ಒಬ್ಬರ ವರ್ಷದ ಸಂಬಳ 14,25,000 ಎಂದಿಟ್ಟುಕೊಳ್ಳಿ. ಹೊಸ ಪದ್ಧತಿಯಲ್ಲಿ 75,000 ಕಳೆದರೆ 13,50,000. ತೆರಿಗೆ 20,000, 40,000 ಮತ್ತು 22,500, ಒಟ್ಟು 82,500. ಸೆಸ್ ಸೇರಿ 85,800. ಅದೇ ವ್ಯಕ್ತಿ ಹಳೆಯ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, 80ಸಿ 1.5 ಲಕ್ಷ, ಆರೋಗ್ಯ ವಿಮೆ 25,000, ಮನೆ ಸಾಲದ ಬಡ್ಡಿ 2 ಲಕ್ಷ ಕಳೆದರೆ ಉಳಿಯುವುದು 10 ಲಕ್ಷ. ತೆರಿಗೆ ಸೆಸ್ ಸೇರಿ 1,17,000. ಇಷ್ಟೆಲ್ಲ ಕಳೆದರೂ ಹೊಸದೇ 31,200 ರೂಪಾಯಿ ಅಗ್ಗ! ಈ ಸಂಬಳಕ್ಕೆ ಎರಡೂ ಸಮವಾಗಬೇಕಾದರೆ ಎಲ್ಲ ಕಡಿತಗಳು ಸೇರಿ 5,75,000 ಆಗಬೇಕು. ಸ್ವಂತ ಮನೆ ಊರಲ್ಲಿದ್ದು, ಕೆಲಸದ ಊರಲ್ಲಿ ಬಾಡಿಗೆಗಿದ್ದು, ಎಚ್‌ಆರ್‌ಎ ಕೂಡ 2 ಲಕ್ಷ ಸಿಗುವವರಾದರೆ ಹಳೆಯದರಲ್ಲಿ 75,400ಕ್ಕೆ ಇಳಿಯುತ್ತದೆ. ಆಗ ಹಳೆಯದು ಲಾಭ.

ಹಾಗಾಗಿ ಸ್ನೇಹಿತರು ಯಾವುದು ಆರಿಸಿದರು ಎಂದು ಕೇಳಬೇಡಿ. ಪೋರ್ಟಲ್‌ನಲ್ಲೇ ಲೆಕ್ಕ ಹಾಕುವ ಸೌಲಭ್ಯ ಇದೆ, ನಿಮ್ಮ ಅಂಕಿ ಹಾಕಿ ಎರಡನ್ನೂ ನೋಡಿ. ವ್ಯಾಪಾರ ಇಲ್ಲದ ಸಂಬಳದವರು ಪ್ರತಿ ವರ್ಷ ಬದಲಾಯಿಸಬಹುದು. ಕಚೇರಿಯಲ್ಲಿ ಒಂದು ಹೇಳಿ ರಿಟರ್ನ್‌ನಲ್ಲಿ ಇನ್ನೊಂದು ಆರಿಸಿದರೂ ತಪ್ಪಿಲ್ಲ. ಆದರೆ ಹಳೆಯದು ಬೇಕಿದ್ದರೆ ಕೊನೆಯ ದಿನಾಂಕದೊಳಗೆ ಸಲ್ಲಿಸಲೇಬೇಕು, ತಡವಾದರೆ ಹೊಸದೇ ಗತಿ. ವ್ಯಾಪಾರ, ವೃತ್ತಿ ಇರುವವರು ಹಳೆಯದಕ್ಕೆ 10-ಐಇಎ ಫಾರ್ಮ್ ಕೊಡಬೇಕು. ಅವರಿಗೆ ಹಿಂದಕ್ಕೂ ಮುಂದಕ್ಕೂ ಓಡಾಡುವ ಸ್ವಾತಂತ್ರ್ಯ ಇಲ್ಲ.

"12 ಲಕ್ಷಕ್ಕಿಂತ ಹತ್ತು ಸಾವಿರ ಜಾಸ್ತಿ ಆಯ್ತು, ಪೂರ್ತಿ ತೆರಿಗೆ ಬೀಳುತ್ತಾ?" ಎಂಬ ಭಯ ಬೇಡ. ತೆರಿಗೆಗೆ ಒಳಪಡುವ ಆದಾಯ 12,10,000 ಆದರೆ ಲೆಕ್ಕದ ಪ್ರಕಾರ 61,500 ಬರುತ್ತದೆ. ಆದರೆ ಮಿತಿ ದಾಟಿದ ಮೊತ್ತಕ್ಕಿಂತ ಹೆಚ್ಚು ತೆರಿಗೆ ಕೇಳುವಂತಿಲ್ಲ ಎಂಬ ನಿಯಮ ಇದೆ. ಕಟ್ಟಬೇಕಾದ್ದು 10,000 ಮತ್ತು ಸೆಸ್ 400 ಮಾತ್ರ. ಷೇರು, ಈಕ್ವಿಟಿ ಫಂಡ್ ಮಾರಿದ ಲಾಭ ಮಾತ್ರ ಬೇರೆ. ವರ್ಷದೊಳಗೆ ಮಾರಿದರೆ ಶೇ. 20, ವರ್ಷ ದಾಟಿದ ಮೇಲಾದರೆ 1.25 ಲಕ್ಷ ಬಿಟ್ಟು ಉಳಿದದ್ದಕ್ಕೆ ಶೇ. 12.5. ಹೊಸ ಪದ್ಧತಿಯಲ್ಲಿ ಆ ತೆರಿಗೆಗೆ 87ಎ ರಿಯಾಯಿತಿ ಸಿಗುವುದಿಲ್ಲ.

ನಾಲ್ಕನೇ ಹೆಜ್ಜೆ: ಈ ಹಣ ಯಾರದು?

ಮನೆಯೊಳಗಿನ ನಿಜವಾದ ಗೊಂದಲ ಇರುವುದು ಇಲ್ಲಿ.

ಗಂಡ ಹೆಂಡತಿಗೆ 5 ಲಕ್ಷ ಕೊಟ್ಟರು, ಅವರು ಎಫ್‌ಡಿ ಇಟ್ಟರು. ಕೊಟ್ಟದ್ದಕ್ಕೆ ತೆರಿಗೆ ಇಲ್ಲ. ಆದರೆ ಆ ಎಫ್‌ಡಿಯ ಬಡ್ಡಿ ಗಂಡನ ಆದಾಯಕ್ಕೆ ಸೇರುತ್ತದೆ. ಸೊಸೆಗೆ ಅತ್ತೆ ಮಾವ ಕೊಟ್ಟ ಹಣದ ಬಡ್ಡಿಗೂ ಇದೇ ನಿಯಮ, ಅದು ಕೊಟ್ಟವರಿಗೇ ಸೇರುತ್ತದೆ. ಆದರೆ ಆ ಬಡ್ಡಿಯನ್ನು ಹೆಂಡತಿ ಮತ್ತೆ ಎಲ್ಲೋ ಹೂಡಿದರೆ, ಅದರಿಂದ ಬಂದದ್ದು ಅವರದೇ. ಅವರು ಸ್ವತಃ ದುಡಿದ ಹಣಕ್ಕಂತೂ ಈ ತಕರಾರು ಇಲ್ಲವೇ ಇಲ್ಲ.

ಚಿಕ್ಕ ಮಕ್ಕಳ ಹೆಸರಿನ ಠೇವಣಿಯ ಬಡ್ಡಿ ತಂದೆ ತಾಯಿಯಲ್ಲಿ ಯಾರ ಆದಾಯ ಜಾಸ್ತಿಯೋ ಅವರಿಗೆ ಸೇರುತ್ತದೆ. ಮಗು ತನ್ನ ಪ್ರತಿಭೆಯಿಂದ ಗಳಿಸಿದ್ದು ಸೇರುವುದಿಲ್ಲ. 18 ತುಂಬಿದ ಮಗ, ಮಗಳಿಗೆ ಕೊಟ್ಟರೆ ಬಡ್ಡಿ ಅವರದು. ಅಪ್ಪ ಅಮ್ಮನಿಗೆ ಕೊಟ್ಟರೂ ಅಷ್ಟೇ, ಅವರ ಲೆಕ್ಕಕ್ಕೆ ಹೋಗುತ್ತದೆ. ವಯಸ್ಸಾದ ತಂದೆ ತಾಯಿಗೆ ಬೇರೆ ಆದಾಯ ಇಲ್ಲದಿದ್ದರೆ ಇದು ಕಾನೂನುಬದ್ಧವಾಗಿಯೇ ಅನುಕೂಲ. ಆದರೆ ಕೊಟ್ಟ ಮೇಲೆ ಅದು ಅವರ ಹಣ, ಈ ಮಾತನ್ನು ಮನಸಾರೆ ಒಪ್ಪಿಕೊಂಡೇ ಕೊಡಿ.

ಉಡುಗೊರೆಯ ವಿಷಯ. ಹತ್ತಿರದ ಬಂಧುಗಳು ಎಷ್ಟು ಕೊಟ್ಟರೂ ಪಡೆದವರಿಗೆ ತೆರಿಗೆ ಇಲ್ಲ. ಬಂಧು ಎಂದರೆ ಯಾರು ಎಂದು ಕಾನೂನೇ ಪಟ್ಟಿ ಮಾಡಿದೆ. ಗಂಡ, ಹೆಂಡತಿ, ಒಡಹುಟ್ಟಿದವರು, ಗಂಡ ಹೆಂಡತಿಯ ಒಡಹುಟ್ಟಿದವರು, ತಂದೆ ತಾಯಿ, ಅವರ ಒಡಹುಟ್ಟಿದವರು, ಅಜ್ಜ ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಇವರ ಸಂಗಾತಿಗಳು. ಚಿಕ್ಕಪ್ಪ ಕೊಟ್ಟರೆ ತೆರಿಗೆ ಇಲ್ಲ, ಚಿಕ್ಕಪ್ಪನ ಮಗ ಕೊಟ್ಟರೆ ಲೆಕ್ಕ ಬೇರೆ. ಪಟ್ಟಿಯ ಹೊರಗಿನವರಿಂದ ವರ್ಷದಲ್ಲಿ ಒಟ್ಟು 50,000 ದಾಟಿದರೆ ಪೂರ್ತಿ ಮೊತ್ತ ಆದಾಯವಾಗುತ್ತದೆ. ಮದುವೆಯಲ್ಲಿ ವಧು ವರರಿಗೆ ಬಂದ ಉಡುಗೊರೆಗೆ ಮಾತ್ರ ಯಾರು ಕೊಟ್ಟರೂ ವಿನಾಯಿತಿ ಇದೆ. ಯಾರಿಂದಲೇ ಆಗಲಿ, ಒಂದೇ ದಿನ 2 ಲಕ್ಷ ಅಥವಾ ಹೆಚ್ಚು ನಗದು ಪಡೆಯಬೇಡಿ. ಬ್ಯಾಂಕ್ ಮೂಲಕವೇ ಹೋಗಲಿ, ಒಂದು ಹಾಳೆಯಲ್ಲಿ ಉಡುಗೊರೆ ಎಂದು ಬರೆದು ಸಹಿ ಇರಲಿ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಜಮೀನು ಗುತ್ತಿಗೆಗೆ ಕೊಟ್ಟು ಬಂದದ್ದಕ್ಕೂ ಇಲ್ಲ. ಹೈನುಗಾರಿಕೆ, ಕೋಳಿ ಸಾಕಣೆ ಕೃಷಿ ಆದಾಯದಲ್ಲಿ ಬರುವುದಿಲ್ಲ, ಇದನ್ನು ತುಂಬಾ ಜನ ತಪ್ಪು ತಿಳಿದಿದ್ದಾರೆ. ಇನ್ನೊಂದು ಮಾತು. ಕೃಷಿ ಆದಾಯ 5,000 ದಾಟಿ, ಸಂಬಳ ಮುಂತಾದ ಬೇರೆ ಆದಾಯವೂ ಮೂಲ ಮಿತಿ ದಾಟಿದ್ದರೆ, ಉಳಿದ ಆದಾಯಕ್ಕೆ ಯಾವ ದರ ಎಂದು ನಿರ್ಧರಿಸಲು ಕೃಷಿ ಆದಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ತೋರಿಸದೆ ಬಿಡುವ ಹಾಗಿಲ್ಲ.

ಬ್ಯಾಂಕ್ ಹಿಡಿದ ಹಣ

ಟಿಡಿಎಸ್ ಎಂದರೆ ಮುಂಗಡವಾಗಿ ಹಿಡಿದ ಹಣ, ಅಷ್ಟೇ. ಅದು ಕೊನೆಯ ತೆರಿಗೆ ಅಲ್ಲ. ಒಂದು ಬ್ಯಾಂಕಿನಲ್ಲಿ ವರ್ಷದ ಠೇವಣಿ ಬಡ್ಡಿ 50,000 ದಾಟಿದರೆ, ಹಿರಿಯ ನಾಗರಿಕರಿಗೆ 1 ಲಕ್ಷ ದಾಟಿದರೆ, ಶೇ. 10 ಹಿಡಿಯುತ್ತಾರೆ. ನಿಮಗೆ ಬೀಳುವ ತೆರಿಗೆ ಅದಕ್ಕಿಂತ ಕಡಿಮೆಯಾದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಜಾಸ್ತಿಯಾದರೆ ಉಳಿದದ್ದು ಕಟ್ಟಬೇಕು. "ಬ್ಯಾಂಕ್‌ನವರು ಹಿಡಿದಿದ್ದಾರಲ್ಲ, ನನ್ನದು ಮುಗೀತು" ಎಂದುಕೊಂಡವರಿಗೆ ಆಮೇಲೆ ನೋಟಿಸ್ ಬರುವುದು ಇದಕ್ಕೇ.

ತೆರಿಗೆಯೇ ಬೀಳದ ಹಿರಿಯರು ವರ್ಷದ ಆರಂಭದಲ್ಲೇ ಬ್ಯಾಂಕಿಗೆ ಘೋಷಣೆ ಬರೆದುಕೊಟ್ಟರೆ ಹಿಡಿಯುವುದೇ ಇಲ್ಲ. ಎಲ್ಲರ ಬಾಯಲ್ಲಿರುವ 15ಎಚ್ ಅದೇ, 60ರೊಳಗಿನವರಿಗೆ 15ಜಿ. ಆದರೆ 15ಜಿ ಕೊಡಲು ಇನ್ನೊಂದು ಷರತ್ತಿದೆ. ತೆರಿಗೆ ಸೊನ್ನೆಯಾಗಿದ್ದರೆ ಸಾಲದು, ವರ್ಷದ ಬಡ್ಡಿ ಮೂಲ ವಿನಾಯಿತಿ ಮಿತಿಯೊಳಗೂ ಇರಬೇಕು. ತೆರಿಗೆ ಬೀಳುವವರು ಇದನ್ನು ಕೊಟ್ಟರೆ ಸುಳ್ಳು ಘೋಷಣೆಯಾಗುತ್ತದೆ.

ಟಿಡಿಎಸ್ ಕಳೆದ ಮೇಲೂ ವರ್ಷಕ್ಕೆ 10,000 ಅಥವಾ ಹೆಚ್ಚು ತೆರಿಗೆ ಬಾಕಿ ಬರುವವರು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರೊಳಗೆ ಕಂತಿನಲ್ಲಿ ಮುಂಗಡ ತೆರಿಗೆ ಕಟ್ಟಬೇಕು. ವ್ಯಾಪಾರ ಇಲ್ಲದ ಹಿರಿಯ ನಾಗರಿಕರಿಗೆ ಇದರಿಂದ ವಿನಾಯಿತಿ.

ಐದನೇ ಹೆಜ್ಜೆ: ಸಲ್ಲಿಸುವುದು

ಆದಾಯ 50 ಲಕ್ಷದೊಳಗಿದ್ದು, ಸಂಬಳ ಅಥವಾ ಪಿಂಚಣಿ, ಬಡ್ಡಿ, 5,000ದೊಳಗಿನ ಕೃಷಿ ಆದಾಯ ಇಷ್ಟೇ ಇದ್ದರೆ ಐಟಿಆರ್-1 ಎಂಬ ರಿಟರ್ನ್ ಫಾರ್ಮ್ ಸಾಕು. ಷೇರು, ಫಂಡ್‌ನ ದೀರ್ಘಾವಧಿ ಲಾಭ 1.25 ಲಕ್ಷದೊಳಗಿದ್ದರೂ ಇದರಲ್ಲೇ ತೋರಿಸಬಹುದು. ಅಲ್ಪಾವಧಿ ಲಾಭ ಒಂದು ಸಾವಿರ ಇದ್ದರೂ ಐಟಿಆರ್-2 ಬೇಕು. ಅಂಗಡಿ, ಹೊಲಿಗೆ, ಸಣ್ಣ ವೃತ್ತಿಯವರು ಅಂದಾಜು ಲಾಭದ ಪದ್ಧತಿ (ವಹಿವಾಟಿನ ಇಂತಿಷ್ಟು ಭಾಗವನ್ನೇ ಲಾಭ ಎಂದು ತೋರಿಸುವುದು) ಆರಿಸಿದರೆ ಐಟಿಆರ್-4.

ಸಂಬಳದವರಿಗೆ ಕೊನೆಯ ದಿನಾಂಕ ಜುಲೈ 31. ದಿನಾಂಕ ಮುಂದೆ ಹೋಗುತ್ತದೆ ಎಂದು ಕಾಯಬೇಡಿ. ತಪ್ಪಿದರೆ ಡಿಸೆಂಬರ್ 31ರವರೆಗೆ ತಡವಾದ ರಿಟರ್ನ್ ಸಲ್ಲಿಸಬಹುದು. ಆದರೆ 5,000 ಶುಲ್ಕ ಬೀಳುತ್ತದೆ, ಆದಾಯ 5 ಲಕ್ಷದೊಳಗಿದ್ದರೆ 1,000. ತೆರಿಗೆ ಬಾಕಿ ಇದ್ದರೆ ತಿಂಗಳಿಗೆ ಶೇ. 1 ಬಡ್ಡಿ ಬೇರೆ. ಸಲ್ಲಿಸಿದ ಮೇಲೆ ತಪ್ಪು ಕಂಡರೆ ಪರಿಷ್ಕೃತ ರಿಟರ್ನ್ ಕೊಡಬಹುದು, ಡಿಸೆಂಬರ್ 31ರೊಳಗೆ ಮುಗಿಸಿಬಿಡುವುದು ಒಳ್ಳೆಯದು.

ಸಲ್ಲಿಸು ಎಂಬ ಬಟನ್ ಒತ್ತಿದರೆ ಕೆಲಸ ಮುಗಿಯಲಿಲ್ಲ. 30 ದಿನದೊಳಗೆ ಇ-ವೆರಿಫೈ ಮಾಡಬೇಕು. ಆಧಾರ್ ಒಟಿಪಿಯಿಂದ ಎರಡು ನಿಮಿಷದ ಕೆಲಸ. ಇದನ್ನು ಬಿಟ್ಟರೆ ರಿಟರ್ನ್ ಸಲ್ಲಿಸಿದ ಹಾಗೇ ಅಲ್ಲ. ರಿಫಂಡ್ ಬರಬೇಕಾದ ಖಾತೆಯನ್ನೂ ಪೋರ್ಟಲ್‌ನಲ್ಲಿ ಮೊದಲೇ ದೃಢೀಕರಿಸಿ.

ಒಂದು ವಿಷಯ ಕೈಮುಗಿದು ಹೇಳುತ್ತೇನೆ. "ನಿಮಗೆ ಇಷ್ಟು ರಿಫಂಡ್ ಕೊಡಿಸ್ತೀನಿ, ಅದರಲ್ಲಿ ನನಗೆ ಇಷ್ಟು" ಎನ್ನುವವರಿಂದ ದೂರ ಇರಿ. ಇಲ್ಲದ ದೇಣಿಗೆ, ಇಲ್ಲದ ಬಾಡಿಗೆ, ಇಲ್ಲದ ವಿಮೆ ತುಂಬಿ ಹಣ ತರಿಸುತ್ತಾರೆ. ಸಿಕ್ಕಿಬಿದ್ದಾಗ ಅವರ ಫೋನ್ ಆಫ್ ಆಗಿರುತ್ತದೆ, ಪ್ಯಾನ್ ನಿಮ್ಮದು. ಸುಳ್ಳು ಮಾಹಿತಿಗೆ ತಪ್ಪಿಸಿದ ತೆರಿಗೆಯ ಶೇ. 200ರಷ್ಟು ದಂಡ ಹಾಕುವ ಅವಕಾಶ ಇದೆ. ರಿಫಂಡ್ ಬಂದಿದೆ, ಲಿಂಕ್ ಒತ್ತಿ ಎಂಬ ಮೆಸೇಜುಗಳೂ ಮೋಸವೇ. ಏನೇ ಇದ್ದರೂ ಪೋರ್ಟಲ್‌ಗೆ ನೀವೇ ಹೋಗಿ ನೋಡಿ.

ಮನೆಯಲ್ಲಿ ಒಬ್ಬರು ತೀರಿಕೊಂಡ ವರ್ಷ

ಈ ಪ್ರಶ್ನೆಯನ್ನು ಜನ ಸಂಕೋಚದಿಂದ, ತಡವಾಗಿ ಕೇಳುತ್ತಾರೆ. ತೀರಿಕೊಂಡ ದಿನದವರೆಗಿನ ಆದಾಯಕ್ಕೆ ಅವರ ಪ್ಯಾನ್‌ನಲ್ಲೇ ರಿಟರ್ನ್ ಸಲ್ಲಿಸಬೇಕು. ಆ ಜವಾಬ್ದಾರಿ ವಾರಸುದಾರರದು. ಮರಣ ಪ್ರಮಾಣಪತ್ರ, ಅವರ ಪ್ಯಾನ್, ವಾರಸುದಾರರೆಂಬ ದಾಖಲೆ ಹಾಕಿ, ನಿಮ್ಮ ಲಾಗಿನ್‌ನಿಂದಲೇ ಅವರ ಪ್ರತಿನಿಧಿಯಾಗಿ ನೋಂದಾಯಿಸಿಕೊಳ್ಳಬೇಕು. ಒಪ್ಪಿಗೆ ಬಂದ ಮೇಲೆ ಅವರ ಪರವಾಗಿ ಸಲ್ಲಿಸಬಹುದು. ಒಪ್ಪಿಗೆಗೆ ಸಮಯ ಹಿಡಿಯಬಹುದು, ಕೊನೆಯ ವಾರಕ್ಕೆ ಉಳಿಸಿಕೊಳ್ಳಬೇಡಿ.

ಅವರಿಂದ ಬಂದ ಮನೆ, ಹಣ, ಒಡವೆಗೆ ತೆರಿಗೆ ಇಲ್ಲ. ತೀರಿಕೊಂಡವರ ಆಸ್ತಿಯ ಮೇಲೆ ಹಾಕುತ್ತಿದ್ದ ಎಸ್ಟೇಟ್ ಡ್ಯೂಟಿ ಎಂಬ ತೆರಿಗೆ ಭಾರತದಲ್ಲಿ 1985ರಲ್ಲೇ ಹೋಯಿತು. ಆದರೆ ಅವರ ನಂತರ ಆ ಆಸ್ತಿಯಿಂದ ಬರುವ ಬಡ್ಡಿ, ಬಾಡಿಗೆ ಪಡೆದವರ ಆದಾಯ. ಅಮ್ಮನಿಗೆ ಕುಟುಂಬ ಪಿಂಚಣಿ ಶುರುವಾಗಿದ್ದರೆ ಅದಕ್ಕೆ 75,000ದ ಕಡಿತ ಸಿಗುವುದಿಲ್ಲ. ಅದನ್ನು ಇತರೆ ಆದಾಯ ಎಂದು ತೋರಿಸಬೇಕು. ಹೊಸ ಪದ್ಧತಿಯಲ್ಲಿ ಪಿಂಚಣಿಯ ಮೂರನೇ ಒಂದು ಭಾಗ ಅಥವಾ 25,000, ಯಾವುದು ಕಡಿಮೆಯೋ ಅಷ್ಟು ಕಳೆಯಬಹುದು. ಹಳೆಯದರಲ್ಲಿ 15,000ದ ಮಿತಿ.

ಇದೆಲ್ಲ ಮುಗಿಯುವ ತನಕ ಅವರ ಮೊಬೈಲ್ ನಂಬರ್ ನಿಲ್ಲಿಸಬೇಡಿ. ಯಾವ ಬ್ಯಾಂಕಿನಲ್ಲಿ ಏನಿತ್ತು ಎಂದು ನಿಮಗೆ ಗೊತ್ತಿಲ್ಲದ ಎಷ್ಟೋ ವಿಷಯ ಆ ನಂಬರಿಗೆ ಬರುವ ಮೆಸೇಜುಗಳಿಂದಲೇ ತಿಳಿಯುತ್ತದೆ.